ಉಪಗ್ರಹಕ್ಕೆ ಕಣ್ಣಿಲ್ಲ, ಅನುಮಾನಕ್ಕಿದೆ

ಕುಶಾಲನಗರದಲ್ಲಿ ನಮಗೆ ಪರಿಚಯದ ಹಾಜಿಯವರೊಬ್ಬರಿದ್ದಾರೆ. ಪ್ರವಾಸಿಗರಿಗೆ ಬಾಡಿಗೆಗೆ ಬಿಡುವ ಐದಾರು ಕಾರುಗಳ ಮಾಲಕರು. ಐದು ಹೊತ್ತಿನ ನಮಾಝಿನವರು, ಸಂಬಳವನ್ನು ಒಂದು ದಿನವೂ ತಡ ಮಾಡಿದವರಲ್ಲ. ಒಂದು ಸಂಜೆ ನಾವು ಅವರ ಅಂಗಡಿಯಲ್ಲಿ ಕುಳಿತಿದ್ದಾಗ ಅವರು ತಮ್ಮ ಮೊಬೈಲನ್ನು ನಮ್ಮ ಮುಂದೆ ಹಿಡಿದರು. ಪರದೆಯ ಮೇಲೆ ಕೊಡಗಿನ ನಕ್ಷೆ, ಅದರಲ್ಲೊಂದು ನೀಲಿ ಗೆರೆ. ಅವರ ಒಂದು ಕಾರು ಆ ದಿನ ಓಡಿದ ದಾರಿ ಅದು. ತಲಕಾವೇರಿಗೆ ಹೋದ ಪ್ರವಾಸಿಗರು ಭಾಗಮಂಡಲದಲ್ಲಿ ಇಳಿದುಕೊಂಡಿದ್ದರು. ಖಾಲಿ ಗಾಡಿ ನೇರ ಮಡಿಕೇರಿಗೆ ಬರಬೇಕಿತ್ತು. ಗೆರೆ ಮಾತ್ರ ನಾಪೋಕ್ಲಿನ ಕಡೆಗೆ ತಿರುಗಿತ್ತು. ಅಲ್ಲಿ ಒಂದು ಕೆಂಪು ಚುಕ್ಕೆ, ಪಕ್ಕದಲ್ಲಿ ‘40 ನಿಮಿಷ’ ಎಂಬ ಬರಹ.

ಅಷ್ಟರಲ್ಲಿ ಚಾಲಕ ಕೀಲಿ ಕೊಡಲು ಬಂದ.

“ಮಡಿಕೇರಿಗೆ ಬರಬೇಕಾದ ಗಾಡಿ ನಾಪೋಕ್ಲಿಗೆ ಯಾಕೆ ಹೋಯಿತು ಮೋನೇ?” ಹಾಜಿಯವರ ಸ್ವರದಲ್ಲಿ ಗದರಿಕೆ ಇರಲಿಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ತೋಟದ ಲೈನ್ ಮನೆಯ ಒಂದು ಹೆಂಗಸಿಗೆ ಹೆರಿಗೆ ನೋವು ಬಂದಿತ್ತು ಹಾಜಿಯವರೇ. ರಸ್ತೆಯಲ್ಲಿ ಕೈ ತೋರಿಸಿದರು. ಗಾಡಿ ಖಾಲಿ ಇತ್ತು. ಆಸ್ಪತ್ರೆಗೆ ಬಿಟ್ಟು ಬಂದೆ.”

“ಮತ್ತೆ ನನಗೆ ಹೇಳಲಿಲ್ಲವಲ್ಲ?”

“ಹೇಳಲಿಕ್ಕೆ ಅದರಲ್ಲಿ ಏನಿತ್ತು?”

ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಡುವಾಗ ಅವನು ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದ: “ನೀವು ಕೇಳಿದ್ದು ತಪ್ಪಲ್ಲ. ಆದರೆ 14 ವರ್ಷದಲ್ಲಿ ಒಂದು ದಿನವೂ ಹೀಗೆ ಕೇಳಿರಲಿಲ್ಲ.”

ಹಾಜಿಯವರು ಕೇಳಿದ್ದು ತಪ್ಪೇ? ಕಾರು ಅವರದು, ಡೀಸೆಲ್ ಅವರದು. ಅಪಘಾತವಾದರೆ ಕೋರ್ಟಿಗೆ ಹೋಗಬೇಕಾದವರೂ ಅವರೇ. ಚಾಲಕನ ನೋವು ಸುಳ್ಳೇ? ಅದೂ ಅಲ್ಲ. ಇಬ್ಬರು ಸಜ್ಜನರ ನಡುವೆ ಅಂಗೈಯಗಲದ ಒಂದು ಪೆಟ್ಟಿಗೆ ಬಂದು ಕುಳಿತಿತು. 14 ವರ್ಷ ಅವರ ನಡುವೆ ಇದ್ದ ಏನೋ ಒಂದು ಆ ಸಂಜೆ ಕಡಿಮೆಯಾಯಿತು. ಅದು ಏನು, ಅದನ್ನು ಕಳೆದುಕೊಳ್ಳದೆ ಈ ಯಂತ್ರದೊಂದಿಗೆ ಬದುಕುವುದು ಹೇಗೆ ಎಂಬುದನ್ನು ನಾವು ಇಲ್ಲಿ ಯೋಚಿಸಬೇಕಾಗಿದೆ.

ಯಂತ್ರ ಮಾಡುವುದೇನು?

ಉಪಗ್ರಹವು ಮೇಲಿನಿಂದ ನಮ್ಮ ಗಾಡಿಯನ್ನು ನೋಡುತ್ತಿರುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಇದು ತಪ್ಪು ತಿಳುವಳಿಕೆ. ಜಿಪಿಎಸ್ ಉಪಗ್ರಹಗಳಿಗೆ ನಮ್ಮ ಗಾಡಿ ಇರುವುದೇ ಗೊತ್ತಿಲ್ಲ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ಅವು ಎರಡೇ ಸಂಗತಿಗಳನ್ನು ಸಾರುತ್ತಿರುತ್ತವೆ: ನಾನು ಎಲ್ಲಿದ್ದೇನೆ, ಈಗ ಗಂಟೆ ಎಷ್ಟು. ಆ ಸಂಕೇತ ಬೆಳಕಿನ ವೇಗದಲ್ಲಿ ಇಳಿದು ಬರುತ್ತದೆ. ಹೊರಟ ಸಮಯಕ್ಕೂ ತಲುಪಿದ ಸಮಯಕ್ಕೂ ಇರುವ ಅಂತರದಿಂದ ಕಾರಿನೊಳಗಿನ ಉಪಕರಣವು ಉಪಗ್ರಹದ ದೂರವನ್ನು ಲೆಕ್ಕ ಹಾಕುತ್ತದೆ. ಮೂರು ಉಪಗ್ರಹಗಳ ದೂರ ತಿಳಿದರೆ ಸ್ಥಳ ಸಿಗುತ್ತದೆ. ಉಪಕರಣದ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಲು ನಾಲ್ಕನೆಯದು ಬೇಕು. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ಸ್ಥಳ 300 ಮೀಟರ್ ಆಚೀಚೆಯಾಗುತ್ತದೆ. ಆದ್ದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿರುತ್ತವೆ.

ಮಸೀದಿಯ ಮಿನಾರದಿಂದ ಅಝಾನ್ ಕೇಳಿಬರುವುದನ್ನು ನೆನೆಯಿರಿ. ಕೇಳಿದವನಿಗೆ ಹೊತ್ತು ಎಷ್ಟಾಯಿತೆಂದು ತಿಳಿಯುತ್ತದೆ. ಆದರೆ ಯಾರು ಕೇಳಿದರು, ಯಾರು ಎಲ್ಲಿ ನಿಂತು ಕೇಳಿದರು ಎಂಬುದು ಕೂಗಿದವನಿಗೆ ತಿಳಿಯದು. ಉಪಗ್ರಹದ ಕೆಲಸವೂ ಇಷ್ಟೇ. ಅದು ಕೊಡುತ್ತದೆ, ಏನನ್ನೂ ಕೇಳಿ ಪಡೆಯುವುದಿಲ್ಲ.

ಈ ಕೊಡುಗೆಯ ಹಿಂದೆ ಒಂದು ದುರಂತವಿದೆ. ಜಿಪಿಎಸ್ ಅಮೆರಿಕದ ಸೇನೆಗಾಗಿ ಹುಟ್ಟಿದ ವ್ಯವಸ್ಥೆ. 1983ರಲ್ಲಿ ದಾರಿ ತಪ್ಪಿ ಸೋವಿಯತ್ ಆಕಾಶವನ್ನು ಪ್ರವೇಶಿಸಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಸೇನೆ ಹೊಡೆದುರುಳಿಸಿತು. 269 ಮಂದಿ ಸತ್ತರು. ಆ ಬಳಿಕ ಇದನ್ನು ನಾಗರಿಕರಿಗೂ ತೆರೆಯುವುದಾಗಿ ಅಮೆರಿಕ ಘೋಷಿಸಿತು. 2000ದ ಮೇ ತಿಂಗಳವರೆಗೂ ನಾಗರಿಕರಿಗೆ ಸಿಗುತ್ತಿದ್ದ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸಲಾಗಿತ್ತು. ಭಾರತವೂ ‘ನಾವಿಕ್’ ಎಂಬ ತನ್ನದೇ ವ್ಯವಸ್ಥೆಯನ್ನು ಕಟ್ಟಿತು. ಅದರ ಮೊದಲ ಉಪಗ್ರಹ 2013ರ ಜುಲೈಯಲ್ಲಿ ಹಾರಿತು. ಬೆಂಗಳೂರಿನ ಬಳಿಯ ಬ್ಯಾಲಾಳು ಇದರ ಕೇಂದ್ರ. ಆ ಮೊದಲ ಉಪಗ್ರಹದ ಮೂರು ಪರಮಾಣು ಗಡಿಯಾರಗಳೂ ಕೆಲವೇ ವರ್ಷಗಳಲ್ಲಿ ನಿಂತುಹೋದವು. ಮನುಷ್ಯ ಮಾಡಿದ ಅತಿ ನಿಖರವಾದ ವಸ್ತುವೂ ತಪ್ಪಬಹುದು ಎಂಬುದಕ್ಕೆ ಇದೊಂದು ಪಾಠ.

ಹಾಗಾದರೆ ಹಾಜಿಯವರ ಮೊಬೈಲಿಗೆ ಸುದ್ದಿ ಮುಟ್ಟಿಸಿದವರು ಯಾರು? ಪೆಟ್ಟಿಗೆಯೊಳಗಿನ ಸಿಮ್ ಕಾರ್ಡ್. ಉಪಕರಣವು ತನ್ನ ಸ್ಥಳವನ್ನು ತಾನೇ ಕಂಡುಕೊಂಡು, ಮೊಬೈಲ್ ಜಾಲದ ಮೂಲಕ ಒಂದು ಕಂಪೆನಿಯ ಕಂಪ್ಯೂಟರಿಗೆ ಕಳುಹಿಸುತ್ತದೆ. ಸಂಪಾಜೆ ಘಾಟಿಯಂತಹ ಕಡೆ ಜಾಲ ಸಿಗದಿದ್ದರೆ ನೆನಪಿಟ್ಟುಕೊಂಡು, ಸಿಕ್ಕಿದ ಮೇಲೆ ಒಟ್ಟಿಗೆ ಒಪ್ಪಿಸುತ್ತದೆ. ದಾರಿ ತಿಳಿಯುವುದು ಒಂದು ಕೆಲಸ, ದಾರಿಯನ್ನು ಇನ್ನೊಬ್ಬರಿಗೆ ತಿಳಿಸುವುದು ಬೇರೆ ಕೆಲಸ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು ಎಂದು ನಿರ್ಧರಿಸಿದ್ದು ಆಕಾಶವಲ್ಲ, ಮನುಷ್ಯ. ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ವಾಹನದ ಜ್ವರ, ಚಾಲಕನ ಅಂಕ

ಇನ್ನು ವಾಹನದ ಆರೋಗ್ಯದ ಮಾತು. ಇಂದಿನ ಕಾರುಗಳಲ್ಲಿ ಇಂಜಿನ್ನಿನ ಬಿಸಿ, ಹೊಗೆ, ಬ್ಯಾಟರಿ, ಬ್ರೇಕ್ ಎಲ್ಲವನ್ನೂ ಅಳೆಯುವ ಸಂವೇದಕಗಳಿವೆ. ಏನಾದರೂ ಕೆಟ್ಟರೆ ಕಾರಿನ ಕಂಪ್ಯೂಟರ್ ಒಂದು ಸಂಕೇತ ಸಂಖ್ಯೆಯನ್ನು ಬರೆದಿಡುತ್ತದೆ. ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ತಂತಿ ಜೋಡಿಸಿ ಮೆಕ್ಯಾನಿಕ್ ಅದನ್ನು ಓದುತ್ತಾನೆ. ಹೊಗೆ ನಿಯಂತ್ರಣಕ್ಕೆಂದು ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಲ್ಲಿ ಒಂದೇ ಮಾದರಿಯ ಕಿಂಡಿ ಕಡ್ಡಾಯವಾಯಿತು. ನಮ್ಮ ದೇಶಕ್ಕೂ 2010ರ ನಂತರ ಈ ಪದ್ಧತಿ ಬಂತು. ಆ ಕಿಂಡಿಗೆ ಸಿಮ್ ಇರುವ ಉಪಕರಣ ಸೇರಿದರೆ ಮೆಕ್ಯಾನಿಕ್ ಹತ್ತಿರ ಇರಬೇಕಾಗಿಲ್ಲ. ಕಾರು ಘಾಟಿ ಹತ್ತುವಾಗ ಇಂಜಿನ್ ಕಾದರೆ ಕುಶಾಲನಗರದ ಮೊಬೈಲಿಗೆ ಸುದ್ದಿ ಬರುತ್ತದೆ. ಇದು ದೊಡ್ಡ ಉಪಕಾರ. ಮಳೆಗಾಲದ ರಾತ್ರಿ ಘಾಟಿಯಲ್ಲಿ ಗಾಡಿ ನಿಂತರೆ ಏನಾಗುತ್ತದೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಆದರೆ ವಾಹನದ ನಾಡಿ ನೋಡುವ ಯಂತ್ರ ಚಾಲಕನ ನಾಡಿಯನ್ನೂ ನೋಡಲು ಆರಂಭಿಸುತ್ತದೆ. ಎಷ್ಟು ವೇಗ, ಎಷ್ಟು ಸಲ ಜೋರಾಗಿ ಬ್ರೇಕ್, ಎಷ್ಟು ಹೊತ್ತು ಇಂಜಿನ್ ಓಡಿಸಿಕೊಂಡು ನಿಂತದ್ದು ಎಲ್ಲವನ್ನೂ ಕೂಡಿಸಿ ಚಾಲಕನಿಗೊಂದು ಅಂಕ ಕೊಡುತ್ತದೆ. ತಿತಿಮತಿಯ ಕಾಡುದಾರಿಯಲ್ಲಿ ಆನೆ ಎದುರಾದಾಗ ಒತ್ತಿದ ಬ್ರೇಕೂ, ಮೊಬೈಲ್ ನೋಡುತ್ತಾ ಮೈಮರೆತು ಒತ್ತಿದ ಬ್ರೇಕೂ ಅದಕ್ಕೆ ಒಂದೇ. ಮೊದಲನೆಯದು ನಾಲ್ಕು ಜೀವ ಉಳಿಸಿದೆ. ಅಂಕ ಮಾತ್ರ ಎರಡಕ್ಕೂ ಸಮನಾಗಿ ಕಡಿಮೆಯಾಗುತ್ತದೆ.

ಯಂತ್ರವನ್ನೇ ನಂಬಿ ಹೊರಟರೆ ಏನಾಗುತ್ತದೆಂಬುದನ್ನು ಕೊಡಗಿನವರು ಬೋರ್ಡು ಬರೆದೇ ಹೇಳಿದ್ದಾರೆ. ಗೂಗಲ್ ತಪ್ಪು ಹೇಳುತ್ತಿದೆ, ಈ ರಸ್ತೆ ನೀವು ಹುಡುಕುತ್ತಿರುವ ರೆಸಾರ್ಟಿಗೆ ಹೋಗುವುದಿಲ್ಲ ಎಂಬರ್ಥದ ಬೋರ್ಡೊಂದರ ಚಿತ್ರ 2024ರ ಮಾರ್ಚಿನಲ್ಲಿ ದೇಶವಿಡೀ ಹರಿದಾಡಿತು. ಎಲ್ಲರೂ ನಕ್ಕರು. ಆದರೆ ಅದರಲ್ಲಿ ಒಂದು ವಿವೇಕವಿದೆ. ಯಂತ್ರಕ್ಕೆ ಬಿಂದು ಗೊತ್ತು, ಊರು ಗೊತ್ತಿಲ್ಲ. ನಾಪೋಕ್ಲಿನಲ್ಲಿ ಗಾಡಿ 40 ನಿಮಿಷ ನಿಂತದ್ದು ಅದಕ್ಕೆ ಗೊತ್ತು, ಯಾಕೆ ನಿಂತಿತೆಂದು ಗೊತ್ತಿಲ್ಲ.

ಒಳಿತಿನ ಪಾಲು

ಯಂತ್ರವನ್ನು ಬರೇ ದೂಷಿಸುವುದು ಅನ್ಯಾಯವಾದೀತು. 2012ರ ಡಿಸೆಂಬರಿನಲ್ಲಿ ದಿಲ್ಲಿಯ ಬಸ್ಸಿನಲ್ಲಿ ಒಬ್ಬ ಯುವತಿಯ ಮೇಲೆ ನಡೆದ ಪೈಶಾಚಿಕ ಕೃತ್ಯದ ಬಳಿಕ, ಪ್ರಯಾಣಿಕರ ವಾಹನಗಳಲ್ಲಿ ಸ್ಥಳ ತಿಳಿಸುವ ಉಪಕರಣ ಮತ್ತು ತುರ್ತು ಗುಂಡಿ ಬೇಕೆಂಬ ಕೂಗು ಎದ್ದಿತು. 2016ರ ನವೆಂಬರಿನಲ್ಲಿ ಕೇಂದ್ರ ಸರಕಾರ ಮೋಟಾರು ವಾಹನ ನಿಯಮಗಳಿಗೆ ಇದನ್ನು ಸೇರಿಸಿತು. 2019ರ ಜನವರಿಯಿಂದ ಹೊಸ ಟ್ಯಾಕ್ಸಿ, ಬಸ್ಸುಗಳಿಗೆ ಇದು ಕಡ್ಡಾಯವಾಯಿತು. ಹಳೆಯ ವಾಹನಗಳಿಗೂ ಅಳವಡಿಸಬೇಕೆಂದು 2023ರ ಕೊನೆಯಲ್ಲಿ ಕರ್ನಾಟಕ ಸರಕಾರ ಆದೇಶಿಸಿತು. ರಾತ್ರಿ ಒಂಟಿಯಾಗಿ ಟ್ಯಾಕ್ಸಿ ಹತ್ತುವ ನಮ್ಮ ಮಗಳ ಕೈಗೆ ಒಂದು ಗುಂಡಿ ಸಿಗುವುದಾದರೆ ಅದನ್ನು ಬೇಡವೆನ್ನುವವರು ಯಾರು?

ನಮ್ಮ ಕಾಡಾನೆಗಳ ಉದಾಹರಣೆಯನ್ನೇ ನೋಡಿ. ಕೊಡಗು, ಹಾಸನ ಭಾಗದಲ್ಲಿ ಅರಣ್ಯ ಇಲಾಖೆ ಕೆಲವು ಆನೆಗಳ ಕುತ್ತಿಗೆಗೆ ರೇಡಿಯೋ ಕಾಲರ್ ತೊಡಿಸಿದೆ. ಆನೆ ಎಲ್ಲಿದೆಯೆಂದು ತಿಳಿದರೆ ಬೆಳಗ್ಗೆ ಕಾಫಿ ಕೊಯ್ಲಿಗೆ ಹೋಗುವ ಕೂಲಿಯವರ ಜೀವ ಉಳಿಯುತ್ತದೆ. ಆನೆಯೂ ಗುಂಡಿನಿಂದ, ಪಟಾಕಿಯಿಂದ ಪಾರಾಗುತ್ತದೆ. ಇಲ್ಲಿ ಸುದ್ದಿ ತಲುಪುವುದು ಅಪಾಯದಲ್ಲಿರುವ ದುರ್ಬಲನಿಗೆ. ಹಾಜಿಯವರ ಮೊಬೈಲಿನಲ್ಲಿ ಸುದ್ದಿ ತಲುಪುವುದು ದುರ್ಬಲನಿಂದ ಬಲವುಳ್ಳವನಿಗೆ. ಯಂತ್ರ ಒಂದೇ, ಸುದ್ದಿ ಹರಿಯುವ ದಿಕ್ಕು ಬೇರೆ. ದಿಕ್ಕು ಬದಲಾದಾಗ ಧರ್ಮವೂ ಬದಲಾಗುತ್ತದೆ.

ಗೋಡೆ ಹತ್ತಿದ ಖಲೀಫರು

ಇತರರ ಗುಟ್ಟುಗಳನ್ನು ಹುಡುಕುತ್ತಾ ಹೋಗಬಾರದೆಂದು ಪವಿತ್ರ ಕುರ್‌ಆನ್ ಅಲ್ ಹುಜುರಾತ್ ಅಧ್ಯಾಯದಲ್ಲಿ ಸ್ಪಷ್ಟವಾಗಿ ವಿಲಕ್ಷಣ ಕ್ರಮದಲ್ಲಿ ಆಜ್ಞಾಪಿಸುತ್ತದೆ: ಮೊದಲು ಅತಿಯಾದ ಗುಮಾನಿಯನ್ನು ತಡೆಯುತ್ತದೆ, ನಂತರ ಗೂಢಚರ್ಯೆಯನ್ನು, ಆಮೇಲೆ ಬೆನ್ನ ಹಿಂದಿನ ನಿಂದೆಯನ್ನು. ಗುಮಾನಿ ಹುಟ್ಟಿದವನು ಇಣುಕುತ್ತಾನೆ, ಇಣುಕಿದವನು ಕಂಡದ್ದನ್ನು ಊರಿಗೆ ಹೇಳುತ್ತಾನೆ. ರೋಗ ಬೆಳೆಯುವ ಕ್ರಮವೇ ಅದು.

ಹಝ್ರತ್ ಉಮರ್(ರ) ರಾತ್ರಿ ಮದೀನಾದಲ್ಲಿ ಗಸ್ತು ತಿರುಗುತ್ತಿದ್ದಾಗ ನಡೆಯಿತೆಂದು ಹೇಳಲಾಗುವ ಘಟನೆಯೊಂದಿದೆ. ಒಂದು ಮನೆಯಿಂದ ಅನುಮಾನ ಬರುವಂತಹ ಸದ್ದು ಕೇಳಿ ಅವರು ಗೋಡೆ ಹತ್ತಿ ಇಳಿದರು. ಒಳಗಿದ್ದವನು ಮದ್ಯದೊಂದಿಗೆ ಸಿಕ್ಕಿಬಿದ್ದ. ಆದರೆ ಅವನು ಖಲೀಫರನ್ನೇ ಪ್ರಶ್ನಿಸಿದ: ತಾನು ಮಾಡಿದ್ದು ಒಂದು ತಪ್ಪು, ಅವರು ಮಾಡಿದ್ದು ಮೂರು. ಗುಟ್ಟು ಹುಡುಕಿದರು, ಬಾಗಿಲು ಬಿಟ್ಟು ಗೋಡೆಯಿಂದ ಬಂದರು, ಅನುಮತಿ ಕೇಳದೆ, ಸಲಾಂ ಹೇಳದೆ ಒಳನುಗ್ಗಿದರು. ಉಮರ್(ರ) ಅವನ ಮಾತನ್ನು ಒಪ್ಪಿ, ಅವನನ್ನು ಕ್ಷಮಿಸಿ ಹಿಂದಿರುಗಿದರಂತೆ. ಒಳಗಿದ್ದವನು ನಿಜವಾಗಿಯೂ ತಪ್ಪಿತಸ್ಥನಾಗಿದ್ದ ಎಂಬುದನ್ನು ಗಮನಿಸಬೇಕು. ಅನುಮಾನ ನಿಜವಾಯಿತೆಂಬ ಕಾರಣಕ್ಕೆ ಗೋಡೆ ಹತ್ತಿದ್ದು ಸರಿಯಾಗಲಿಲ್ಲ.

ಇಂದು ಗೋಡೆ ಹತ್ತಬೇಕಾಗಿಲ್ಲ. ಹೆಂಡತಿಯ ಕಾರಿನ ಸೀಟಿನಡಿಯಲ್ಲಿ, ಮಗಳ ಸ್ಕೂಟರಿನಲ್ಲಿ ಅವರಿಗೆ ತಿಳಿಯದಂತೆ ಸಣ್ಣ ಪೆಟ್ಟಿಗೆ ಇಡುವುದು ಸುಲಭ. ರಕ್ಷಣೆಗೆಂದು ಹೇಳಿಕೊಂಡರೂ, ಹೇಳದೆ ಇಟ್ಟದ್ದು ರಕ್ಷಣೆಯಲ್ಲ, ಗೋಡೆ ಹತ್ತುವುದೇ. ಕಂಪೆನಿಗಳೂ ಹತ್ತುತ್ತವೆ. ಚಾಲಕರ ಸ್ಥಳ ಮತ್ತು ಚಾಲನೆಯ ವಿವರಗಳನ್ನು ಸ್ಪಷ್ಟ ಒಪ್ಪಿಗೆಯಿಲ್ಲದೆ ಮಾರಿದ ಆರೋಪದಲ್ಲಿ ಜನರಲ್ ಮೋಟಾರ್ಸ್ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಕ್ರಮ ಕೈಗೊಂಡಿತು. ಆ ವಿವರಗಳು ವಿಮೆಯ ದರ ನಿಗದಿಪಡಿಸುವವರ ಕೈಗೆ ಹೋಗಿದ್ದವು. ಕಾರು ಕೊಂಡವನೇ ತನ್ನ ಕಾರಿನಿಂದ ಚಾಡಿ ಹೇಳಿಸಿಕೊಂಡಂತಾಯಿತು.

ನಮ್ಮ ದೇಶದಲ್ಲಿ ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಹೆಮ್ಮೆ. 2024ರ ಜುಲೈಯಲ್ಲಿ ಅದೇ ನ್ಯಾಯಾಲಯ, ಜಾಮೀನು ಪಡೆದ ಆರೋಪಿಯು ತಾನಿರುವ ಸ್ಥಳವನ್ನು ಮೊಬೈಲ್ ನಕ್ಷೆಯಲ್ಲಿ ಪೊಲೀಸರಿಗೆ ಸದಾ ತೋರಿಸುತ್ತಿರಬೇಕೆಂಬ ಷರತ್ತು ಸಲ್ಲದು ಎಂದಿತು. ಆರೋಪಿಗೇ ಇಷ್ಟು ಮಾನವಿರುವಾಗ ಯಾವ ಆರೋಪವೂ ಇಲ್ಲದ ಚಾಲಕನಿಗೆ ಎಷ್ಟಿರಬೇಕು? ಆದರೆ 2023ರ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣಾ ಕಾಯಿದೆ, ನೌಕರಿಯ ಉದ್ದೇಶಕ್ಕೆ ಮತ್ತು ಮಾಲಕನನ್ನು ನಷ್ಟದಿಂದ ಕಾಪಾಡಲು ನೌಕರನ ಒಪ್ಪಿಗೆಯಿಲ್ಲದೆಯೂ ಅವನ ಮಾಹಿತಿಯನ್ನು ಬಳಸಲು ಬಾಗಿಲು ತೆರೆದಿಟ್ಟಿದೆ. ಕಾನೂನು ನಿಲ್ಲುವ ಇಂತಹ ಕಡೆಯಲ್ಲೇ ಮನಸ್ಸಾಕ್ಷಿ ಕೆಲಸ ಆರಂಭಿಸಬೇಕು.

ಓದಲು ಸಿಗುವ ಗ್ರಂಥ

ಇಲ್ಲೊಂದು ಆಕ್ಷೇಪ ಬರಬಹುದು. ಎಲ್ಲವನ್ನೂ ಅಲ್ಲಾಹನು ನೋಡುತ್ತಿದ್ದಾನೆ, ಇಬ್ಬರು ಮಲಕ್‌ಗಳು ಬರೆದಿಡುತ್ತಿದ್ದಾರೆ ಎಂದು ನಂಬುವ ನಾವು ಒಂದು ಪೆಟ್ಟಿಗೆಗೆ ಏಕೆ ಅಂಜಬೇಕು? ಹಿಂದೂ ಸಹೋದರರೂ ಚಿತ್ರಗುಪ್ತನ ಲೆಕ್ಕದ ಮಾತನ್ನು ಬಲ್ಲರು. ತಪ್ಪು ಮಾಡದವನಿಗೆ ಭಯವೇಕೆ?

ದೇವನ ನೋಟಕ್ಕೂ ಮಾಲಕನ ನೋಟಕ್ಕೂ ಇರುವ ಅಂತರ ಬಹಳ ದೊಡ್ಡದು. ಅಲ್ಲಾಹನು ನಿಂತ ಸ್ಥಳವನ್ನೂ ಬಲ್ಲ, ನಿಂತ ಉದ್ದೇಶವನ್ನೂ ಬಲ್ಲ. ಕರ್ಮಗಳ ಬೆಲೆ ಉದ್ದೇಶದಲ್ಲಿದೆ ಎಂದು ಪ್ರವಾದಿ(ಸ) ಕಲಿಸಿದರು. ಯಂತ್ರಕ್ಕೆ ಉದ್ದೇಶವೆಂಬ ಕಾಲಮ್ಮೇ ಇಲ್ಲ. ಅಲ್ಲಾಹನು ದಾಸನ ಲೋಪಗಳನ್ನು ಮರೆಮಾಚುತ್ತಾನೆ, ಪಶ್ಚಾತ್ತಾಪಪಟ್ಟರೆ ಅಳಿಸುತ್ತಾನೆ. ಕಂಪ್ಯೂಟರಿನ ಲೆಕ್ಕಕ್ಕೆ ತೌಬಾ ಇಲ್ಲ. ಮೂರನೆಯದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅಂತಿಮ ದಿನ ಪ್ರತಿಯೊಬ್ಬನ ಕರ್ಮಗ್ರಂಥವನ್ನು ಅವನ ಮುಂದೆಯೇ ತೆರೆದು, ಅವನೇ ಓದಿಕೊಳ್ಳುವಂತೆ ಹೇಳಲಾಗುವುದೆಂದು ಕುರ್‌ಆನ್ ತಿಳಿಸುತ್ತದೆ. ಸರ್ವಜ್ಞನಾದ ಪ್ರಭುವೂ ದಾಸನ ದಾಖಲೆಯನ್ನು ದಾಸನಿಂದ ಬಚ್ಚಿಡುವುದಿಲ್ಲ. ನಮ್ಮ ಚಾಲಕನಿಗೆ ಮಾತ್ರ ತನ್ನ ನೀಲಿ ಗೆರೆಯನ್ನು ನೋಡುವ ಅವಕಾಶವಿರಲಿಲ್ಲ. ಅವನ ದಿನಚರಿ ಅವನಿಲ್ಲದೆ ಓದಲ್ಪಟ್ಟಿತು, ನಮ್ಮಂತಹ ಅಪರಿಚಿತರಿಗೂ ತೋರಿಸಲ್ಪಟ್ಟಿತು.

ಇನ್ನೂ ಒಂದು ನಷ್ಟವಿದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ದಾನ ಮಾಡಬೇಕೆಂಬುದು ನಮಗೆ ದೊರೆತ ಶಿಕ್ಷಣ. ಆ ಚಾಲಕ ಅದನ್ನೇ ಮಾಡಿದ್ದ. ಯಾರಿಗೂ ಹೇಳಿರಲಿಲ್ಲ. ಗುಟ್ಟಾಗಿ ಮಾಡಿದ ಸತ್ಕರ್ಮ ಸಂಜೆ ಪರದೆಯ ಮೇಲೆ ಕೆಂಪು ಚುಕ್ಕೆಯಾಗಿ, ಕಳ್ಳತನದ ವೇಷದಲ್ಲಿ ಬಂದು ನಿಂತಿತು. ಇನ್ನು ಮುಂದೆ ದಾರಿಯಲ್ಲಿ ಯಾರಾದರೂ ಕೈ ತೋರಿಸಿದರೆ ಅವನು ಮೊದಲು ಆ ಚುಕ್ಕೆಯನ್ನು ನೆನೆಯುವುದಿಲ್ಲವೇ?

ಮಾಲಕನ ಕಣ್ಣಿಲ್ಲದ ಕಡೆಯಲ್ಲಿ ಪ್ರಾಮಾಣಿಕತೆ ಹೇಗೆ ಉಳಿಯುತ್ತದೆ ಎಂಬುದಕ್ಕೆ ಇಬ್ನು ಉಮರ್(ರ) ಮತ್ತು ಕುರಿ ಕಾಯುವವನ ಪ್ರಸಂಗ ಉತ್ತರ. ಒಂದು ಕುರಿಯನ್ನು ತನಗೆ ಮಾರಿ, ತೋಳ ತಿಂದಿತೆಂದು ಯಜಮಾನನಿಗೆ ಹೇಳುವಂತೆ ಅವರು ಪರೀಕ್ಷಿಸಿದಾಗ, ಹಾಗಾದರೆ ಅಲ್ಲಾಹನು ಎಲ್ಲಿದ್ದಾನೆಂದು ಆತ ಮರುಪ್ರಶ್ನೆ ಹಾಕಿದನಂತೆ. ಕಾವಲು ಅವನ ಒಳಗಿತ್ತು. ಘಾಟಿಯಲ್ಲಿ ಸಿಗ್ನಲ್ ಹೋದಾಗ ಹೊರಗಿನ ಕಾವಲು ನಿಲ್ಲುತ್ತದೆ, ಒಳಗಿನದು ನಿಲ್ಲದು. ಸದಾ ಕಾಯಲ್ಪಡುವವನು ಒಳಗಿನ ಕಾವಲುಗಾರನನ್ನು ನಿಧಾನವಾಗಿ ಕೆಲಸದಿಂದ ಬಿಡಿಸಿಬಿಡುತ್ತಾನೆ. ಪೆಟ್ಟಿಗೆ ಕೆಟ್ಟ ದಿನವೇ ಡೀಸೆಲ್ ಕದಿಯಬಹುದೆಂದು ಅವನಿಗೆ ಹೊಳೆಯುತ್ತದೆ.

ಆದ್ದರಿಂದ ಪೆಟ್ಟಿಗೆಯನ್ನು ಕಿತ್ತೆಸೆಯಬೇಕೆಂದು ನಾವು ಹೇಳುತ್ತಿಲ್ಲ. ಕಾನೂನು ಅದಕ್ಕೆ ಬಿಡುವುದೂ ಇಲ್ಲ. ಇನ್ನೊಬ್ಬನ ಓಡಾಟದ ಮಾಹಿತಿ ನಮ್ಮ ಕೈಗೆ ಬಂದರೆ ಅದು ನಮ್ಮ ಸೊತ್ತಲ್ಲ, ಅಮಾನತ್ ಎಂದು ತಿಳಿಯೋಣ. ಪೆಟ್ಟಿಗೆ ಇರುವುದನ್ನು ಮೊದಲೇ ಹೇಳೋಣ. ಯಾವ ಉದ್ದೇಶಕ್ಕೆ ಇಟ್ಟೆವೋ ಅದಕ್ಕಷ್ಟೇ ನೋಡೋಣ. ಗಾಡಿಯ ಜ್ವರವನ್ನು ನೋಡಲು ಹೋದವರು ಚಾಲಕನ ಮನೆಯ ದಾರಿಯನ್ನು ನೋಡುವುದು ಬೇಡ. ಅವನ ದಾಖಲೆಯನ್ನು ಅವನಿಗೂ ತೆರೆದಿಡೋಣ, ಕೆಂಪು ಚುಕ್ಕೆಯ ಪಕ್ಕದಲ್ಲಿ ಕಾರಣ ಬರೆಯುವ ಹಕ್ಕು ಅವನಿಗಿರಲಿ. ಕಂಡದ್ದನ್ನು ಮೂರನೆಯವರಿಗೆ ತೋರಿಸದಿರೋಣ. ಎಲ್ಲಕ್ಕಿಂತ ಮೊದಲು ಒಳ್ಳೆಯದನ್ನೇ ಭಾವಿಸೋಣ. 14 ವರ್ಷದ ಸಾಕ್ಷ್ಯವೇ 40 ನಿಮಿಷದ ಸಾಕ್ಷ್ಯಕ್ಕಿಂತ ತೂಕದ್ದು.

ಈ ಮಾತುಗಳನ್ನು ಹಾಜಿಯವರಿಗೆ ಹೇಳಲು ನಾವು ಕೆಲವು ದಿನಗಳ ನಂತರ ಕುಶಾಲನಗರಕ್ಕೆ ಹೋದೆವು. ಅವರು ನಾವು ಹೇಳುವ ಮೊದಲೇ ಚಾಲಕರ ಮೊಬೈಲುಗಳಲ್ಲೂ ನಕ್ಷೆ ಕಾಣುವಂತೆ ಮಾಡಿಸಿದ್ದರು. ಮಾತಿನ ನಡುವೆ ನಾವು ಕೇಳಿದೆವು: “ಆ ಹೆಂಗಸಿಗೆ ಏನಾಯಿತು? ಮಗು ಹೇಗಿದೆ?”

ಹಾಜಿಯವರು ತಲೆ ತಗ್ಗಿಸಿದರು. ಅವರು ಕೇಳಿರಲಿಲ್ಲ. ಅಂದು ಆ ಅಂಗಡಿಯಲ್ಲಿ ಕುಳಿತು ನೀಲಿ ಗೆರೆಯನ್ನು ಅಷ್ಟು ಕುತೂಹಲದಿಂದ ನೋಡಿದ ನಾವೂ ಕೇಳಿರಲಿಲ್ಲ.